ನಿಂತು ತಿನ್ನುವ ಊರು

ಬೆಂಗಳೂರಿಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವ ಸಂಗತಿಗಳಲ್ಲಿ ಒಂದು, ಇಲ್ಲಿನ ಜನ ತಿಂಡಿಯನ್ನು ನಿಂತುಕೊಂಡೇ ಮುಗಿಸುತ್ತಾರೆ ಎಂಬುದು. ಶೇಷಾದ್ರಿಪುರಂ ಕಡೆ ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಸುತ್ತು ಹಾಕಿದರೆ ಸಾಕು. ಕಾಲೇಜಿಗೆ ಹೊರಟ ಹುಡುಗ, ಬ್ಯಾಂಕಿನ ಗುಮಾಸ್ತ, ಆಟೋ ಚಾಲಕ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು ಕೋರ್ಟು ಕಚೇರಿ ಎಂದು ಬಂದ ಹಳ್ಳಿಯಾತ, ಎಲ್ಲರೂ ಎದೆಮಟ್ಟದ ಒಂದೇ ಉಕ್ಕಿನ ಮೇಜಿಗೆ ತಟ್ಟೆ ಇಟ್ಟು ಇಡ್ಲಿ ಮುರಿಯುತ್ತಿರುತ್ತಾರೆ. ಇದರಲ್ಲೇನು ಮಹಾ ಎನ್ನಬಹುದು. ಆದರೆ ಈ ಬಡಾವಣೆ ಹುಟ್ಟಿದ ಕಾಲಕ್ಕೆ ಈ ನಾಲ್ವರು ಒಂದೇ ಮೇಜಿನಲ್ಲಿ ಉಣ್ಣುವುದು ಊಹೆಗೂ ನಿಲುಕದ ಮಾತಾಗಿತ್ತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರಿನಲ್ಲಿ ಶೇಷಾದ್ರಿಪುರಂ ರೂಪುಗೊಂಡದ್ದು 1892ರಲ್ಲಿ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಪಾರಾಗಲು ಜನ ಮಲ್ಲೇಶ್ವರ, ಬಸವನಗುಡಿಗಳಿಗೆ ಹರಿದರು. ಅಗಲವಾದ ರಸ್ತೆ, ಗಾಳಿ ಬೆಳಕು ಎಲ್ಲ ಬಂತು. ಜಾತಿಯೂ ಜೊತೆಗೇ ಬಂತು. ಹೊರಗೆ ಉಣ್ಣುವುದೆಂದರೆ ಆಗಿನ ಮಡಿವಂತರಿಗೆ ಅವಮಾನ. ಬೇಯಿಸಿದವನು ಯಾರೋ, ಪಕ್ಕದಲ್ಲಿ ಕೂತವನು ಯಾರೋ!

ಈ ಎರಡರಲ್ಲಿ ಮೊದಲನೆಯ ಅನುಮಾನವನ್ನು ನಿವಾರಿಸಿದವರು ಕರಾವಳಿಯಿಂದ ಬಂದ ಅಡುಗೆಯವರು. 1924ರಲ್ಲಿ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಸೋದರರೊಂದಿಗೆ ಆರಂಭಿಸಿದ ಹೋಟೆಲಿಗೆ ಆಗ ಇದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್, ನಮ್ಮ ಎಂಟಿಆರ್. ಆ ಕಾಲದ ಹೋಟೆಲುಗಳ ಹೆಸರಿನಲ್ಲಿದ್ದ ‘ಬ್ರಾಹ್ಮಿನ್’ ಎಂಬ ಮಾತು ಒಲೆಯ ಮುಂದೆ ನಿಂತವನ ಬಗ್ಗೆ ಕೊಟ್ಟ ಜಾಹೀರಾತು. ಎರಡನೆಯ ಅನುಮಾನಕ್ಕೆ ಕಂಡುಕೊಂಡ ಉಪಾಯ ಮಾತ್ರ ಒಳ್ಳೆಯದಲ್ಲ. ಮೈಸೂರು, ಮದ್ರಾಸು ಸೀಮೆಯ ಅನೇಕ ಕಡೆ ಬ್ರಾಹ್ಮಣರಿಗೆ ಒಂದು ಕೋಣೆ, ಉಳಿದವರಿಗೆ ಇನ್ನೊಂದು; ಅಸ್ಪೃಶ್ಯರೆನಿಸಿಕೊಂಡವರಿಗೆ ಹೊಸ್ತಿಲೇ ಗಡಿ.

ನಮ್ಮ ಸಂವಿಧಾನ ಹೋಟೆಲುಗಳನ್ನು ಹೆಸರಿಟ್ಟು ಕರೆದಿದೆ ಎಂಬುದು ಎಷ್ಟೋ ಜನಕ್ಕೆ ತಿಳಿದಿರಲಿಕ್ಕಿಲ್ಲ. ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿ ಮತಗಳ ಕಾರಣದಿಂದ ತಡೆ ಒಡ್ಡಬಾರದೆಂದು 15ನೇ ವಿಧಿ ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹವಾಗಿಸಿತು. ಬಾಗಿಲೇನೋ ತೆರೆಯಿತು. ಆದರೆ ಒಳಗೆ ಕುರ್ಚಿಗಳಿದ್ದವು. ಕುರ್ಚಿ ಇದ್ದಲ್ಲಿ ಪಕ್ಕದವನನ್ನು ಆರಿಸಿಕೊಳ್ಳುವ ಅವಕಾಶವೂ ಇರುತ್ತದೆ. ಮೈಮೇಲಿನ ಬಟ್ಟೆ ನೋಡಿ ಮೂಲೆ ತೋರಿಸುವ ಮಾಣಿಯೂ ಇರುತ್ತಾನೆ. ಇದಕ್ಕೆ ಕಾನೂನಿನಲ್ಲಿ ಮದ್ದಿಲ್ಲ.

ಮದ್ದು ಬಂದದ್ದು ಬೇರೆ ದಾರಿಯಿಂದ, ಯಾರೂ ಉದ್ದೇಶಿಸದೆ. ಶಂಕರಪುರದಲ್ಲಿ 1965ರಲ್ಲಿ ಶುರುವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. ಹೆಸರು ಹಳೆಯದು, ರೀತಿ ಹೊಸದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ; ಪಟ್ಟಿ ಅಲ್ಲಿಗೆ ಮುಗಿಯಿತು. ಸಾಂಬಾರಿಲ್ಲ, ಚಟ್ನಿ ಎಷ್ಟು ಬೇಕಾದರೂ ಉಂಟು. ಸಾಂಬಾರು ಕೊಟ್ಟರೆ ಬಟ್ಟಲು ಬೇಕು, ಬಟ್ಟಲಿಗೆ ಮೇಜು ಬೇಕು, ಮೇಜಿಗೆ ಜಾಗ ಬೇಕು. ಚಟ್ನಿಗಾದರೆ ತಟ್ಟೆ ಹಿಡಿದ ಕೈಯೊಂದು ಸಾಕು. ಗಿರಾಕಿ ರಸ್ತೆಯಂಚಿಗೆ ಬಂದು ನಿಂತ. ರಸ್ತೆಯಂಚಿನಲ್ಲಿ ಒಳಕೋಣೆ, ಹೊರಕೋಣೆ ಎಲ್ಲಿಯದು? ಮಲ್ಲೇಶ್ವರದ ವೀಣಾ ಸ್ಟೋರ್ಸ್ 1977ರಲ್ಲಿ ಆರಂಭವಾಯಿತು. ಅಲ್ಲಿಯೂ ಇದೇ ಕ್ರಮ.

1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ಇದನ್ನು ಒಂದು ಪದ್ಧತಿಯಾಗಿಸಿತು. ಮೊದಲು ಹಣ, ಆಮೇಲೆ ಚೀಟಿ, ಚೀಟಿಗೆ ತಟ್ಟೆ. ಮಾಣಿ ಇಲ್ಲ, ಭಕ್ಷೀಸು ಇಲ್ಲ. ಕೂತವನು ಪತ್ರಿಕೆ ಬಿಡಿಸಿ ಬೈ-ಟು ಕಾಫಿಗೆ ಅರ್ಧ ಗಂಟೆ ತೆಗೆದುಕೊಂಡರೆ, ನಿಂತವನು ಹತ್ತು ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಾನೆ. ಚಿಕ್ಕ ಮಳಿಗೆಯ ಬಾಡಿಗೆ ಹುಟ್ಟುವುದು ಆ ಉಳಿದ ಇಪ್ಪತ್ತು ನಿಮಿಷದಲ್ಲಿ. ಬೆಲೆ ಇಳಿದದ್ದೂ ಇದರಿಂದಲೇ. ಇತ್ತ ಮಂತ್ರಿ ಮಾಲ್ ಎದುರು, ಶೇಷಾದ್ರಿಪುರಂ ಮುಗಿದು ಮಲ್ಲೇಶ್ವರ ಶುರುವಾಗುವಲ್ಲಿ ಕೂತು ತಿನ್ನಲು ಇದ್ದ ನ್ಯೂ ಕೃಷ್ಣ ಭವನ, 1954ರಿಂದ ನಡೆದು 2023ರ ಡಿಸೆಂಬರಿನಲ್ಲಿ ಮುಚ್ಚಿತು. ಅದರ ಬಟನ್ ಇಡ್ಲಿಯನ್ನು ನೆನೆಯುವವರು ಈಗಲೂ ಇದ್ದಾರೆ.

ಅಡುಗೆಮನೆ ಗಿರಾಕಿಯ ಕಣ್ಣಿಗೆ ಬೀಳುವಂತಿರುವುದು ದರ್ಶಿನಿಯ ಇನ್ನೊಂದು ಗುಣ. ಹೆಸರೂ ಅದನ್ನೇ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಕೆಲವು ಹೋಟೆಲುಗಳು ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿವೆ ಎಂದು ಗೊತ್ತಾಗಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಒಲೆ ಎದುರಿಗೇ ಇದ್ದರೆ ಇನ್‌ಸ್ಪೆಕ್ಟರನ ಅರ್ಧ ಕೆಲಸವನ್ನು ಇಡ್ಲಿಗೆ ಕಾಯುತ್ತ ನಿಂತವನೇ ಮಾಡುತ್ತಾನೆ.

ದರ್ಶಿನಿಯಿಂದ ಒಂದು ಮೆಟ್ಟಿಲು ಇಳಿದರೆ ಕೈಗಾಡಿ. ಚಿತ್ರಾನ್ನ, ತಟ್ಟೆ ಇಡ್ಲಿ, ಸಂಜೆಯಾದರೆ ಗೋಬಿ ಮಂಚೂರಿ. (ಗೋಬಿಯ ಕೆಂಪಿಗೆ ಬಳಸುತ್ತಿದ್ದ ಕೃತಕ ಬಣ್ಣಗಳಿಗೆ 2024ರ ಮಾರ್ಚಿನಲ್ಲಿ ನಿಷೇಧ ಬಂತು, ರುಚಿ ಕೆಡಲಿಲ್ಲ.) ಹೊಸ ಬಡಾವಣೆಗಳಲ್ಲಿ ಫುಡ್ ಟ್ರಕ್ಕೆಂದು ಬಣ್ಣ ಬಳಿದುಕೊಂಡು ನಿಲ್ಲುವ ದೊಡ್ಡ ವಾಹನಕ್ಕೆ ಹಳೆಯ ಬಡಾವಣೆಯ ಅಡ್ಡರಸ್ತೆಗಳು ಹೇಳಿ ಮಾಡಿಸಿದವಲ್ಲ. ಇಲ್ಲಿ ಅದೇ ಕೆಲಸವನ್ನು ಹಿಂಬಾಗಿಲು ಬಿಚ್ಚಿದ ಪುಟ್ಟ ಟೆಂಪೊ, ಒಂದು ಗ್ಯಾಸ್ ಸಿಲಿಂಡರು, ನಾಲ್ಕು ಪಾತ್ರೆಗಳೊಂದಿಗೆ ಮಾಡುತ್ತದೆ. ಮಾಲೀಕನಿಗೆ ಮಳಿಗೆಯ ಮುಂಗಡ ಹೊಂದಿಸುವ ಪಾಡಿಲ್ಲ. ಅಡುಗೆ ಬಲ್ಲ, ಬಂಡವಾಳವಿಲ್ಲದ ಯಾರೂ ಈ ದಂಧೆಗೆ ಇಳಿಯಬಹುದು. ಒಲೆಯ ಮುಂದಿನವನ ಜಾತಿ ಕೇಳುವ ಪದ್ಧತಿ ಇಲ್ಲಿ ಬಹುಮಟ್ಟಿಗೆ ಬಿದ್ದುಹೋಗಿದೆ.

ಇವರಿಗೆ ಇರುವ ಭಯ ಬೇರೆ: ನಿಂತ ನೆಲ ತಮ್ಮದಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಈ ಕಸುಬನ್ನು ಹಕ್ಕಾಗಿ ಒಪ್ಪಿತು. ಸಮೀಕ್ಷೆ ನಡೆದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಆ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ತಳ್ಳುಗಾಡಿ, ಬುಟ್ಟಿ, ತಾತ್ಕಾಲಿಕ ಗೂಡಂಗಡಿ. ಎಂಜಿನ್ ಇರುವ ಅಡುಗೆಮನೆ ಮೋಟಾರು ವಾಹನ ಕಾಯ್ದೆಗೂ ಉತ್ತರ ಹೇಳಬೇಕು, ಆಹಾರ ಇಲಾಖೆಯ ನೋಂದಣಿಯನ್ನೂ ಮಾಡಿಸಬೇಕು, ಪೊಲೀಸರ ‘ನಿಲುಗಡೆ ಇಲ್ಲ’ ಫಲಕದಿಂದಲೂ ತಪ್ಪಿಸಿಕೊಳ್ಳಬೇಕು. ಹಾಗಾಗಿಯೇ ರಸ್ತೆಯಲ್ಲಿ ವಾಹನ ಸಂಚಾರ ಬಿರುಸಾಗುವ ಹೊತ್ತಿಗೆ ಟೆಂಪೊದವನು ಪಾತ್ರೆ ತೊಳೆದು, ಬಾಗಿಲು ಎತ್ತಿ ಕಟ್ಟಿ, ಚಟ್ನಿಯ ಬಕೆಟ್ಟನ್ನು ಸೀಟಿನ ಪಕ್ಕಕ್ಕಿಟ್ಟುಕೊಂಡು ಹೊರಟುಬಿಡುತ್ತಾನೆ. ತಡವಾಗಿ ಬಂದ ಗಿರಾಕಿಗೆ ಸಿಗುವುದು ತೊಯ್ದ ರಸ್ತೆ, ಒಂದೆರಡು ಬಾಳೆಲೆಯ ಚೂರು.