ಆತ್ಮದ ವರಗಳು

ವರವೆಂದೊಡನೆ ನಮಗೆ ನೆನಪಾಗುವುದು ತಪಸ್ಸು. ಗಾಳಿಯನ್ನುಂಡು, ಒಂಟಿಕಾಲಿನಲ್ಲಿ ನಿಂತು ದೇವರನ್ನು ಮೆಚ್ಚಿಸಿದವನಿಗೆ ವರ. ಭಸ್ಮಾಸುರನಿಗೂ ಅದು ದೊರೆಯಿತು, ಏಕೆಂದರೆ ಅದು ದುಡಿದು ಪಡೆದದ್ದು. ಬೈಬಲ್ಲನ್ನು ಕನ್ನಡಕ್ಕೆ ತಂದವರು ಸಂತ ಪೌಲನ ಒಂದು ಗ್ರೀಕ್ ಮಾತಿಗೆ ಇದೇ ‘ವರ’ ಎಂಬ ಪದವನ್ನು ಇಟ್ಟರು. ಮೂಲದಲ್ಲಿ ಅದು ‘ಖರಿಸ್ಮ’. ‘ಖರಿಸ್’ ಎಂದರೆ ಕೃಪೆ. ಕೃಪೆಯಿಂದ ಬಂದದ್ದು ಖರಿಸ್ಮ. ಅದಕ್ಕೆ ಗಳಿಕೆಯ ಸೋಂಕಿಲ್ಲ. ನಾನು ಕ್ರೈಸ್ತಸಭೆಗೆ ಸೇರಿದವನಲ್ಲ; ಭಾಷೆಯ ಮೇಷ್ಟರಾಗಿ ಈ ಪದದ ಬೆನ್ನುಹತ್ತಿದವನು. ಆದರೂ ಈ ಅರ್ಥಭೇದ ಕೇವಲ ನಿಘಂಟಿನ ವಿಷಯವಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಕ್ರಿ.ಶ. 55ರ ಸುಮಾರಿಗೆ ಪೌಲನು ಗ್ರೀಸಿನ ಕೊರಿಂಥದ ಸಭೆಗೆ ಪತ್ರ ಬರೆದನು. ಆ ಸಭೆಯಲ್ಲಿ ಸಿರಿವಂತರೂ ದಾಸರೂ ಒಟ್ಟಿಗೆ ಕೂಡುತ್ತಿದ್ದರು; ಕೂಡಿದಾಗ ಜಗಳವಾಡುತ್ತಲೂ ಇದ್ದರು. ಯಾರ ವರ ಹಿರಿದು ಎಂಬುದೂ ಜಗಳದ ಕಾರಣಗಳಲ್ಲಿ ಒಂದು. ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ಜ್ಞಾನವಾಕ್ಯ, ನಂಬಿಕೆ, ರೋಗ ವಾಸಿಮಾಡುವುದು, ಪ್ರವಾದನೆ, ಅನ್ಯಭಾಷೆಗಳಲ್ಲಿ ನುಡಿಯುವುದು, ಅವುಗಳ ಅರ್ಥ ಹೇಳುವುದು ಮುಂತಾದುವನ್ನು ಎಣಿಸುತ್ತಾನೆ. ಅದೇ ಅಧ್ಯಾಯದ ಕೊನೆಯ ಪಟ್ಟಿಯಲ್ಲಿ, ರೋಗ ವಾಸಿಮಾಡುವುದಕ್ಕೂ ಅನ್ಯಭಾಷೆಗೂ ನಡುವೆ, ಸದ್ದಿಲ್ಲದೆ ಇನ್ನೆರಡು ಬಂದು ಕುಳಿತಿವೆ: ನೆರವಾಗುವುದು, ಆಡಳಿತ ನಡೆಸುವುದು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ದಾನಮಾಡುವುದೂ ಕರುಣೆ ತೋರುವುದೂ ವರಗಳೇ. ಬೆರಗು ಹುಟ್ಟಿಸುವುದಕ್ಕೂ ಬೇಸರ ತರುವ ನಿತ್ಯದ ಕೆಲಸಕ್ಕೂ ಆತ ಪಂಕ್ತಿಭೇದ ಮಾಡಲಿಲ್ಲ.

ಕೊರಿಂಥದವರಿಗೆ ಮೆಚ್ಚಾದದ್ದು ಅನ್ಯಭಾಷೆ. ಭಾವಪರವಶನಾದ ಭಕ್ತನ ಬಾಯಿಂದ ಅವನಿಗೇ ತಿಳಿಯದ ನುಡಿ ಹೊರಡುವುದು ಇದರ ಲಕ್ಷಣ. (ಅರ್ಥವಾಗದ್ದನ್ನು ಹೆಚ್ಚಾಗಿ ಗೌರವಿಸುವ ಚಾಳಿ ಪಂಡಿತವರ್ಗಕ್ಕೂ ಇಲ್ಲದಿಲ್ಲ.) ಪೌಲನು ಅದನ್ನು ತಡೆಯಲಿಲ್ಲ, ಕಟ್ಟುಪಾಡು ಹಾಕಿದನು. ಇಬ್ಬರು, ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೊಬ್ಬರು ನುಡಿಯಲಿ. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿರಲಿ. ಕೇಳಿದವನ ಬಾಳು ಕಟ್ಟಲ್ಪಡುವುದೇ ಹೊರತು ನುಡಿದವನ ಹಿರಿಮೆ ವರದ ಗುರಿಯಲ್ಲ.

ಈ ವರಗಳು ಈಗಲೂ ಉಂಟೇ ಎಂಬಲ್ಲಿ ಸಭೆಗಳು ಕವಲೊಡೆಯುತ್ತವೆ. ಅಪೊಸ್ತಲರ ಬೋಧನೆಗೆ ಮುದ್ರೆಯೊತ್ತಲು ಅದ್ಭುತಗಳು ಬಂದವು, ಅವರೊಡನೆಯೇ ನಿಂತವು ಎನ್ನುವವರು ಒಂದು ಪಕ್ಷ. ಅಮೆರಿಕದ ಪ್ರಿನ್ಸ್‌ಟನ್ನಿನ ವಾರ್‌ಫೀಲ್ಡ್ ಪಂಡಿತರು 1918ರಲ್ಲಿ ಇದನ್ನೇ ಗ್ರಂಥರೂಪದಲ್ಲಿ ವಾದಿಸಿದರು. ಪೌಲನ ಪತ್ರದ 13ನೆಯ ಅಧ್ಯಾಯದಲ್ಲಿ, ಪೂರ್ಣವಾದದ್ದು ಬಂದಾಗ ಅಪೂರ್ಣವಾದದ್ದು ಇಲ್ಲವಾಗುವುದೆಂಬ ಮಾತಿದೆ. ಆ ‘ಪೂರ್ಣವಾದದ್ದು’ ಮುಗಿದ ಧರ್ಮಗ್ರಂಥವೇ ಎಂದು ಈ ಪಕ್ಷದ ಕೆಲವರ ಮತ. ಅಲ್ಲ, ಅದು ಕ್ರಿಸ್ತನ ಪುನರಾಗಮನ, ಆದುದರಿಂದ ಅಲ್ಲಿಯವರೆಗೆ ವರಗಳುಂಟು ಎಂದು ಎದುರು ಪಕ್ಷ. ಅದೇ ಅಧ್ಯಾಯದಲ್ಲಿ ಮುಖಾಮುಖಿಯಾಗಿ ಕಾಣುವ ಮಾತೂ ಬರುವುದರಿಂದ ಎರಡನೆಯ ಅರ್ಥವೇ ಸಹಜವೆಂದು ನನಗೆ ತೋರುತ್ತದೆ. ಸಂತ ಅಗಸ್ಟೀನನಂಥವನೂ ಮೊದಲು ಅಂಥ ಅದ್ಭುತಗಳ ಕಾಲ ಮುಗಿಯಿತೆಂದು ಬರೆದು, ಮುಪ್ಪಿನಲ್ಲಿ ತನ್ನ ಊರಾದ ಹಿಪ್ಪೋದಲ್ಲಿ ನಡೆದ ಗುಣವಾಗುವಿಕೆಗಳನ್ನು ತಾನೇ ದಾಖಲಿಸಿದನು.

ಇಪ್ಪತ್ತನೆಯ ಶತಮಾನದಲ್ಲಿ ಈ ನಂಬಿಕೆಗೆ ಹೊಸ ಬಲ ಬಂತು. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ, ಗುಲಾಮರಾಗಿದ್ದವರ ಮಗ ವಿಲಿಯಂ ಸೀಮೋರ್ ನಡೆಸಿದ ಪ್ರಾರ್ಥನಾಕೂಟಗಳಿಂದ ಪೆಂಟಿಕಾಸ್ಟ್ ಸಭೆಗಳು ಹಬ್ಬಿದವು. ಅದಕ್ಕೆ ಹಿಂದಿನ ವರ್ಷವೇ ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಸದನದಲ್ಲಿ ವಿಧವೆಯರ, ಅನಾಥ ಬಾಲಕಿಯರ ನಡುವೆ ಇಂಥದೇ ಆವೇಶ ಮೂಡಿತ್ತು. ಆ ಸದನವನ್ನು ನಡೆಸುತ್ತಿದ್ದ ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಕ್ಯಾಥೊಲಿಕರಲ್ಲಿ ಇದೇ ಅಲೆ ಎದ್ದದ್ದು 1967ರಲ್ಲಿ, ಪಿಟ್ಸ್‌ಬರ್ಗಿನ ವಿಶ್ವವಿದ್ಯಾಲಯವೊಂದರ ಕೆಲವರಿಂದ.

ಮೊದಲು ಹೇಳಿದ ಅರ್ಥಭೇದಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದರು. ಕ್ರೈಸ್ತರು, ಅವರ ಪತ್ನಿಗೆ ವಾಸಿಯಾಗದ ಕಾಯಿಲೆ. ಪ್ರಾರ್ಥನಾಕೂಟವೊಂದರಲ್ಲಿ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಬೋಧಕರು, ಗುಣವಾಗದಿದ್ದಾಗ, ನಿಮ್ಮ ನಂಬಿಕೆ ಸಾಲದು ಎಂದರಂತೆ. “ಮೇಷ್ಟ್ರೇ, ಕಾಯಿಲೆಯ ನೋವನ್ನು ಅವಳು ತಡೆದಾಳು. ಈ ಮಾತನ್ನು ತಡೆಯಲಾರಳು” ಎಂದರು.

ಕೃಪೆಯಾಗಿ ಬಂದದ್ದು ಇಲ್ಲಿ ಮತ್ತೆ ತಪಸ್ಸಿನ ಫಲವಾಗಿಬಿಟ್ಟಿತ್ತು. ಫಲ ಸಿಗದಿದ್ದರೆ ತಪಸ್ವಿಯದೇ ತಪ್ಪು. ಸಮಾಧಾನ ಹೇಳುವ ಅಧಿಕಾರ ನನಗಿರಲಿಲ್ಲ. ಅವರದೇ ಗ್ರಂಥವನ್ನು ತೆಗೆದು ಮೂರು ಕಡೆ ತೋರಿಸಿದೆ. ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದನು, ಅದು ಹೋಗಲಿಲ್ಲ. ತಿಮೊಥೆಯನಿಗೆ ಅವನ ಪತ್ರ ಹೊಟ್ಟೆಯ ಬಾಧೆಗೆ ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸುತ್ತದೆ. ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಾಗಿಯೇ ಬಿಟ್ಟುಬಂದದ್ದೂ ಆ ಪತ್ರಗಳಲ್ಲಿದೆ. ಅವರ ನಂಬಿಕೆ ಸಾಲದಾಯಿತೆಂದು ಮೂರರಲ್ಲೂ ಎಲ್ಲಿಯೂ ಇಲ್ಲ.

ಅವರು ತ್ರೊಫಿಮನ ಹೆಸರನ್ನು ಎರಡು ಸಲ ಓದಿದರು. ಈ ಹೆಸರನ್ನು ಇಷ್ಟು ದಿನ ಗಮನಿಸಿರಲೇ ಇಲ್ಲ ಎಂದರು. ಆಮೇಲೆ, ರಾತ್ರಿ ಪತ್ನಿಗೆ ಓದಿಹೇಳಬೇಕೆಂದು, ಪುಟದ ಸಂಖ್ಯೆಯನ್ನು ಬಸ್ ಟಿಕೆಟ್ಟಿನ ಹಿಂಬದಿಗೆ ಬರೆದುಕೊಂಡು ಹೊರಟರು.