ಪಿಕಪ್ಪಿಗೆ ಫೋರ್ ವೀಲ್ ಡ್ರೈವ್: ಮಾರ್ಪಾಡಿಗೆ ಮುನ್ನ ತಿಳಿಯಬೇಕಾದುದು

ಮುಂಬೈಯಲ್ಲಿ ದಶಕಗಳಿಂದ ನೆಲೆಸಿರುವ ನಮ್ಮವರಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ತೋಟವಿದೆ. ಅದನ್ನು ನೋಡಿಕೊಳ್ಳುವ ಅಣ್ಣತಮ್ಮಂದಿರಿದ್ದಾರೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಕಡೆಯ ತೋಟದ ದಾರಿಗಳು ಮಳೆಗಾಲದಲ್ಲಿ ಏನಾಗುತ್ತವೆ ಎಂಬುದನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಗೊಬ್ಬರದ ಮೂಟೆಗಳನ್ನು ಇಳಿಸಿ ಮರಳುವ ಪಿಕಪ್ ವಾಹನವು ಏರಿನಲ್ಲಿ ಹಿಂದಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ನಿಂತುಬಿಟ್ಟಾಗ, 'ಇದಕ್ಕೇ ಫೋರ್ ವೀಲ್ ಹಾಕಿಸಿಬಿಟ್ಟರೆ ಹೇಗೆ?' ಎಂಬ ಆಲೋಚನೆ ಸಹಜವಾಗಿಯೇ ಮೂಡುತ್ತದೆ. ಹಣಕ್ಕಾಗಿ ಫೋನು ಬರುವುದು ಮಾತ್ರ ಮುಂಬೈಗೆ. ನಾವು ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನ ನೌಕರಿ ಹಿಡಿದವರು, ಇಂಜಿನಿಯರರಲ್ಲ. ಆದರೆ ವಾಹನವನ್ನು ಅಡವಾಗಿ ಹಿಡಿದು ಸಾಲ ಕೊಡುವವರು ಆ ವಾಹನದ ಗುಣವನ್ನು ಸ್ವಲ್ಪವಾದರೂ ಅರಿತಿರಬೇಕಾಗುತ್ತದೆ.

ಮೊದಲಿಗೆ ಖಾಲಿ ಪಿಕಪ್ ಜಾರುವುದೇಕೆ ಎಂಬುದನ್ನು ನೋಡೋಣ. ಇದರ ಇಂಜಿನ್ನು ಮುಂದಿದೆ, ಬಲ ಹೋಗುವುದು ಹಿಂದಿನ ಚಕ್ರಗಳಿಗೆ. ಸರಕು ತುಂಬಿದಾಗ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ ಕುಳಿತು ಅವು ನೆಲವನ್ನು ಕಚ್ಚುತ್ತವೆ. ಖಾಲಿಯಾದಾಗ ಆ ಭಾರವಿಲ್ಲ. ಆದ್ದರಿಂದಲೇ ತುಂಬಿದ ಗಾಡಿ ಹತ್ತಿದ ದಿಬ್ಬವನ್ನು ಖಾಲಿ ಗಾಡಿ ಹತ್ತಲಾರದು!

ಎರಡನೆಯ ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಸಾಗಬೇಕಾದ್ದರಿಂದ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಆಕ್ಸಲಿನ ನಡುವೆ ಈ ಹಲ್ಲುಚಕ್ರಗಳ ಏರ್ಪಾಡಿದೆ. ಇದು ಎರಡೂ ಚಕ್ರಗಳಿಗೆ ಸಮನಾದ ತಿರುಚುಬಲವನ್ನು ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ, ಅದು ತಾಳಿಕೊಳ್ಳಬಲ್ಲಷ್ಟು ಅಲ್ಪ ಬಲವೇ ಗಟ್ಟಿನೆಲದ ಮೇಲಿರುವ ಇನ್ನೊಂದಕ್ಕೂ ದೊರೆಯುವುದು. ಹೀಗಾಗಿ ಒಂದು ಚಕ್ರ ಗಿರಗಿರನೆ ತಿರುಗುತ್ತದೆ, ಇನ್ನೊಂದು ನಿಶ್ಚಲವಾಗಿರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಫೋರ್ ವೀಲ್ ಹಾಕಿಸಿದರೂ ಈ ದೋಷವು ಎರಡೂ ಆಕ್ಸಲುಗಳಲ್ಲಿ ಉಳಿದೇ ಇರುತ್ತದೆ. ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ನಾಲ್ಕು ಚಕ್ರಗಳ ಗಾಡಿಯೂ ನಿಲ್ಲುತ್ತದೆ.

ಇನ್ನು ಮಾರ್ಪಾಡಿನ ಕೆಲಸ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಕೂರಬೇಕು. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಇದೇ. ಗ್ಯಾರೇಜುಗಳಲ್ಲಿ 'ಹೈ-ಲೋ' ಎನ್ನುವ ಲೋ ಗೇರು ಇರುವುದೂ ಇದರಲ್ಲಿಯೇ. ಎರಡು ಚಕ್ರದ ಚಾಲನೆಗೆಂದು ತಯಾರಾದ ಗೇರ್‌ಬಾಕ್ಸಿಗೆ ಇದು ನೇರವಾಗಿ ಹೊಂದುವುದು ವಿರಳ. ಅದು ಸ್ಥಳ ಆಕ್ರಮಿಸುವುದರಿಂದ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಗಿಡ್ಡಮಾಡಿ, ಅದುರದಂತೆ ಮತ್ತೆ ಸಮತೋಲನಗೊಳಿಸಬೇಕು. ಮುಂದಿನ ಚಕ್ರಗಳಿಗೆ ತನ್ನದೇ ಡಿಫರೆನ್ಷಿಯಲ್ ಉಳ್ಳ ಬೇರೊಂದು ಆಕ್ಸಲ್ ಬೇಕು; ಸ್ಟೇರಿಂಗ್ ತಿರುಗಿಸಿದಾಗಲೂ ಬಲ ಸಾಗಿಸುವ ಕೀಲುಗಳು ಅದಕ್ಕಿರಬೇಕು. ಆ ಆಕ್ಸಲ್ ಇಂಜಿನ್ನಿನ ಎಣ್ಣೆತೊಟ್ಟಿಗೆ ತಗಲಬಾರದು. ಅದಕ್ಕಾಗಿ ಮುಂಭಾಗವನ್ನು ಎತ್ತರಿಸಿದರೆ ಸ್ಟೇರಿಂಗ್ ಸರಳುಗಳ ಕೋನ, ಬ್ರೇಕಿನ ಕೊಳವೆಗಳ ಉದ್ದ ಎಲ್ಲವೂ ಬದಲಾಗಬೇಕು. ಮುಂದಿನ ಸ್ಪ್ರಿಂಗುಗಳು ಹೊಸ ಭಾರ ಹೊರಬೇಕು. ಸೇರಿದ ಲೋಹದ ತೂಕವಷ್ಟೂ ಸರಕಿನ ಲೆಕ್ಕದಿಂದ ಕಳೆಯುತ್ತದೆ.

ಎರಡೂ ಆಕ್ಸಲುಗಳ ಹಲ್ಲಿನ ಅನುಪಾತ ಒಂದೇ ಆಗಿರಬೇಕೆಂಬುದು ಇನ್ನೊಂದು ನಿಯಮ. ಹಿಂದಿನದು 4.1 ಇದ್ದು, ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕ ಮುಂದಿನದು 4.5 ಆದರೆ, ಫೋರ್ ವೀಲಿಗೆ ಹಾಕಿದೊಡನೆ ಎರಡೂ ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸನ್ನೇ ಮುರಿದುಕೊಳ್ಳುತ್ತವೆ. ಎಲ್ಲವೂ ಸರಿಯಾಗಿದ್ದರೂ ಸಾಮಾನ್ಯ ಫೋರ್ ವೀಲ್ ವಾಹನವನ್ನು ಒಣ ಡಾಂಬರಿನ ಮೇಲೆ ಆ ಸ್ಥಿತಿಯಲ್ಲಿ ಓಡಿಸಲಾಗದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಕೆಸರಿನಲ್ಲಿ ಚಕ್ರಗಳು ತುಸು ಜಾರಿ ಆ ಅಂತರವನ್ನು ನೀಗಿಸಿಕೊಳ್ಳುತ್ತವೆ, ಒಣರಸ್ತೆಯಲ್ಲಿ ಜಾರಲಾರವು.

ಅದೇ ಮಾದರಿಯ ಫೋರ್ ವೀಲ್ ವಾಹನವನ್ನು ಕಾರ್ಖಾನೆಯೇ ತಯಾರಿಸಿದ್ದು, ಅಂಥದ್ದೊಂದರ ಸಮಸ್ತ ಭಾಗಗಳು ಒಟ್ಟಿಗೆ ದೊರೆತರೆ ನುರಿತ ಮೆಕ್ಯಾನಿಕ್ ಇದನ್ನು ಮಾಡಬಲ್ಲ. ಮಲೆನಾಡಿನಲ್ಲಿ ಹಳೆಯ ಜೀಪುಗಳನ್ನು ಬಿಚ್ಚಿ ಜೋಡಿಸುತ್ತಲೇ ಬದುಕು ಸವೆಸಿದ ಕುಶಲಿಗಳಿದ್ದಾರೆ. ಅಂದಹಾಗೆ, ಮಹೀಂದ್ರದವರು 1949ರಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ್ದು ನಮ್ಮ ಈ ಮುಂಬೈಯ ಮಜಗಾಂವ್‌ನಲ್ಲಿಯೇ. ಆದರೆ ಆ ಜೀಪು ಹುಟ್ಟುವಾಗಲೇ ನಾಲ್ಕು ಚಕ್ರದ ಬಲವನ್ನು ಹೊಂದಿತ್ತು, ಪಿಕಪ್ಪಿನ ಮಾತು ಹಾಗಲ್ಲ.

ಕುಶಲಿ ಸಿಕ್ಕರೂ ಕಾನೂನು ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಹೊಸ ಆಕ್ಸಲಿನಿಂದ ನೋಂದಣಿ ಪತ್ರದಲ್ಲಿನ ಖಾಲಿ ತೂಕವೇ ಬದಲಾಗುತ್ತದೆಂಬುದನ್ನು ಮರೆಯಬಾರದು.

ದಂಡಕ್ಕಿಂತಲೂ ನಮ್ಮನ್ನು ಕಾಡುವುದು ವಿಮೆಯ ವಿಷಯ. ಘಟ್ಟದ ತಿರುವಿನಲ್ಲಿ ಅಪಘಾತವಾಗಿ, ತೋಟದ ಕೆಲಸಕ್ಕೆ ಬಂದವರು ಗಾಯಗೊಂಡರೆನ್ನಿ. ತಿಳಿಸದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಸಂಸ್ಥೆಯು ತಕರಾರು ತೆಗೆದರೆ, ಆ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ. ವಾಹನದ ಮೇಲೆ ಸಾಲವಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯೂ ಬೇಕಾಗುತ್ತದೆ. ಇಂಥ ಮಾರ್ಪಾಡಿಗೆ ಒಪ್ಪಿಗೆ ಕೊಡುವ ಧೈರ್ಯ ನಮಗಂತೂ ಬಾರದು.

ಹಾಗಾದರೆ ಮಳೆಗಾಲಕ್ಕೆ ಗತಿಯೇನು? ಆಳವಾದ ಗೀರುಗಳುಳ್ಳ, ತಯಾರಕರು ಸೂಚಿಸಿದ ಅಳತೆಯದೇ ಟೈರುಗಳನ್ನು ಹಾಕಿಸಿ, ಖಾಲಿ ಮರಳುವಾಗ ಹಿಂದಿನ ಆಕ್ಸಲಿನ ನೇರಕ್ಕೆ ನಾಲ್ಕಾರು ಮರಳಿನ ಮೂಟೆಗಳನ್ನು ಜಾರದಂತೆ ಕಟ್ಟಿಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಚಕ್ರಕ್ಕೆ ಸರಪಳಿ ಕಟ್ಟುವ ಹಳೆಯ ಪದ್ಧತಿಯೂ ಕೆಸರಿಗೆ ಒಳ್ಳೆಯದೇ, ಡಾಂಬರು ಬಂದೊಡನೆ ಬಿಚ್ಚಬೇಕಷ್ಟೆ. ದಾರಿಯ ಎರಡು ಕೆಟ್ಟ ತಿರುವುಗಳಿಗೆ ಕಲ್ಲು ಹಾಸಿಸುವ ಖರ್ಚನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಲೇಸು. ಇವೆಲ್ಲವೂ ಸಾಲದೆಂದು ಕಂಡರೆ, ಇದ್ದ ಪಿಕಪ್ಪನ್ನು ಮಾರಿ, ಕಾರ್ಖಾನೆಯಿಂದಲೇ ಫೋರ್ ವೀಲ್ ಆಗಿ ಬಂದ ಬಳಕೆಯ ವಾಹನವನ್ನು ಕೊಳ್ಳಬಹುದು. ಕೊಳ್ಳುವ ಮುನ್ನ ಚಾಸಿ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ಹೋಲಿಸಿ, ಅದು ಫೋರ್ ವೀಲ್ ಮಾದರಿಯೇ ಎಂದು ತಯಾರಕರ ಅಧಿಕೃತ ಮಾರಾಟಗಾರರಲ್ಲಿ ವಿಚಾರಿಸಬೇಕು. ಬೇರೆಯವರು ಮಾರ್ಪಡಿಸಿದ ಗಾಡಿಯೇ 'ಕಂಪನಿ ಫೋರ್ ವೀಲ್' ಎಂಬ ಹೆಸರಿನಲ್ಲಿ ಕೈಗೆ ಬಂದರೆ, ಮೇಲೆ ಹೇಳಿದ ತೊಡಕುಗಳೆಲ್ಲ ಅದರೊಡನೆಯೇ ಬರುತ್ತವೆ. ಪತ್ರದಲ್ಲಿ ಹಳೆಯ ಬ್ಯಾಂಕಿನ ಸಾಲದ ನಮೂದು ಉಳಿದಿದ್ದರೆ, ಅದು ರದ್ದಾಗುವವರೆಗೆ ಪೂರ್ತಿ ಹಣ ಕೊಡಬಾರದು.