ನೀರು ಕುಡಿದ ಎಂಜಿನು: ದುರಸ್ತಿಯೋ, ಬದಲಿಯೋ, ಮಾರಾಟವೋ?

೨೦೧೫ರ ಡಿಸೆಂಬರಿನಲ್ಲಿ ಅಡಯಾರು ನದಿ ದಡ ಮೀರಿದಾಗಲೂ, ೨೦೨೩ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತವು ವೇಳಚೇರಿಯ ಬೀದಿಗಳನ್ನು ಕೆರೆಯಾಗಿಸಿದಾಗಲೂ ಚೆನ್ನೈ ನಗರದಲ್ಲಿ ಸಾಲುಸಾಲು ಮೋಟಾರುಗಳು ನೀರಿನಲ್ಲಿ ನಿಂತುದನ್ನು ವಾಚಕರು ಕಂಡಿದ್ದಾರೆ. ನೀರು ಇಳಿದೊಡನೆ ಒಡೆಯನು ಆತುರದಿಂದ ಕೀಲಿಕೈ ತಿರುಗಿಸಿ ನೋಡುತ್ತಾನೆ. ಅನೇಕ ಎಂಜಿನುಗಳು ಕೆಡುವುದು ಆ ಗಳಿಗೆಯಲ್ಲಿಯೇ.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಕೆಲವೊಮ್ಮೆ ಮುರಿದು ಬ್ಲಾಕನ್ನೇ ಸೀಳುತ್ತದೆ. ಕೀಲಿ ಮುಟ್ಟದೆ ಬ್ಯಾಟರಿಯ ತಂತಿ ಕಳಚಿ, ಕಾರನ್ನು ಎಳೆದೊಯ್ಯಿಸಿ, ನೀರು ಬಸಿದು, ಆಯಿಲನ್ನೂ ಫಿಲ್ಟರುಗಳನ್ನೂ ಬದಲಿಸಿದಲ್ಲಿ ಅದೇ ಎಂಜಿನು ಉಳಿಯುವ ಸಂಭವವುಂಟು.

ಸಮಗ್ರ ವಿಮೆಯುಳ್ಳವರು ಪ್ರವಾಹದ ನಷ್ಟಕ್ಕೆ ಪರಿಹಾರ ಕೇಳಬಹುದು. ಆದರೆ ನೀರಿನಲ್ಲಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡ ಎಂಜಿನಿಗೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಪ್ರೀಮಿಯಂ ಕಟ್ಟಿರದಿದ್ದರೆ, ಕಂಪನಿಗಳು ಸಾಮಾನ್ಯವಾಗಿ ಹಣ ಕೊಡವು. ದುರಸ್ತಿಯ ವೆಚ್ಚವು ಪಾಲಿಸಿಯಲ್ಲಿ ನಮೂದಾದ ಮೌಲ್ಯದ ಶೇಕಡ ೭೫ನ್ನು ಮೀರಿದರೆ ಪೂರ್ಣನಷ್ಟವೆಂದೆಣಿಸುವ ಪದ್ಧತಿಯಿದೆ. ಆದುದರಿಂದ ಸರ್ವೇಯರ್ ನೋಡುವ ಮೊದಲು ಎಂಜಿನು ಬಿಚ್ಚಿಸಕೂಡದು.

ತೃತೀಯ ಪಕ್ಷದ ವಿಮೆ ಮಾತ್ರ ಇರುವವನು ತಾನೇ ಲೆಕ್ಕ ಹಾಕಬೇಕು. ಕ್ಯಾಥೆಡ್ರಲ್ ರಸ್ತೆಯಲ್ಲಿ ೧೯೬೨ರಲ್ಲಿ ತೆರೆದು ೨೦೦೮ರಲ್ಲಿ ಮುಚ್ಚಿದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ನಲ್ಲಿ ಪರರ ಕಾರುಗಳ ಬಳಿಗೆ ದೋಸೆ ಕಾಫಿ ಒಯ್ದವರ ಪೈಕಿ ನಮ್ಮವರೂ ಇದ್ದರು. ಇಂದು ಗಲ್ಲಾದಲ್ಲಿ ಕುಳಿತ ನಮ್ಮವನೊಬ್ಬನಿಗೆ ಉಳಿತಾಯದಿಂದ ಕೊಂಡ ಹಳೆಯ ಕಾರೊಂದಿದೆ ಎಂದಿಟ್ಟುಕೊಳ್ಳೋಣ. ಸರಿಯಿದ್ದರೆ ಅದರ ಬೆಲೆ ೧,೫೦,೦೦೦ ರೂಪಾಯಿ. ಕೆಟ್ಟು ನಿಂತ ಸ್ಥಿತಿಯಲ್ಲಿ ೪೦,೦೦೦. ದುರಸ್ತಿಗೆ ೭೦,೦೦೦ ತಗುಲುವುದಾದರೆ ಮಾಡಿಸುವುದು ಲಾಭವೇ. ಬಿಚ್ಚಿದ ಮೇಲೆ ಕ್ರ್ಯಾಂಕ್‌ಶಾಫ್ಟೂ ಹೋಗಿದೆಯೆಂದು ೧,೨೦,೦೦೦ ಕೇಳಿದರೆ ಇದ್ದ ಹಾಗೆಯೇ ಮಾರತಕ್ಕದ್ದು. "ಹೋದ ವರ್ಷ ಹೊಸ ಟಯರು ಹಾಕಿಸಿದ್ದೇನಲ್ಲ" ಎಂದು ಮನಸ್ಸು ಎಳೆಯುತ್ತದೆ. ಟಯರಿಗೆ ಕೊಟ್ಟ ಹಣ ಎರಡು ದಾರಿಯಲ್ಲಿಯೂ ಮರಳಿ ಬಾರದು. ಈಗ ಕೊಡಬೇಕಾದುದು ಊರಿನ ಮನೆಗೆ ಕಳುಹಿಸತಕ್ಕ ಹಣ. ಕಾರ್ಖಾನೆಯವನಿಂದ ಅಂದಾಜನ್ನು ಬರವಣಿಗೆಯಲ್ಲಿಯೇ ಪಡೆಯಿರಿ.

ಬದಲಿ ಎಂಜಿನನ್ನು ಅರಸುವವರು ಎಗ್ಮೋರಿನ ಬಳಿಯ ಪುದುಪೇಟೆಗೆ ಹೋಗುತ್ತಾರೆ. ಕಳಚಿದ ಕಾರುಗಳ ಬಾಗಿಲು, ದೀಪ, ಗೇರುಪೆಟ್ಟಿಗೆ ಎಲ್ಲವೂ ಆ ಓಣಿಗಳಲ್ಲಿ ದೊರೆಯುತ್ತವೆ. ಚೌಕಾಶಿಗೆ ತಮಿಳು ಚೆನ್ನಾಗಿ ಬರಬೇಕಷ್ಟೆ. ರಸೀದಿಯೂ ಹಿಂದಿನ ವಾಹನದ ದಾಖಲೆಯೂ ಇಲ್ಲದ ಎಂಜಿನು ಎಷ್ಟು ಅಗ್ಗವಾದರೂ ಬೇಡ. ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ಬರೆದಿರುತ್ತದೆ. ಬದಲಾವಣೆಯನ್ನು ಆರ್.ಟಿ.ಓ. ಕಛೇರಿಯಲ್ಲಿ ದಾಖಲು ಮಾಡಿಸದಿದ್ದರೆ ವಿಮೆಗೂ ಮುಂದಿನ ಮಾರಾಟಕ್ಕೂ ತೊಡಕು.

ಮಾರುವವರು ೨೯ ಮತ್ತು ೩೦ನೆಯ ನಮೂನೆಗಳಿಗೆ ರುಜು ಹಾಕಿ ಕೈತೊಳೆದುಕೊಂಡರೆ ಸಾಲದು. ಊರಿನಿಂದ ತಂದ ಕೆ.ಎ. ೨೦ರ ಕಾರನ್ನು ತಮಿಳುನಾಡಿನವರ ಹೆಸರಿಗೆ ಮಾಡಿಸಲು ಉಡುಪಿಯ ಕಛೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವನೇ ಕಾಯಿದೆಯ ಕಣ್ಣಿನಲ್ಲಿ ಒಡೆಯನೆಂದು ೨೦೧೮ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕೊಂಡವನು ಆ ಕಾರನ್ನು ದುರಸ್ತಿ ಮಾಡಿಸಿ ಓಡಿಸಿ ಯಾರಿಗಾದರೂ ಅಪಘಾತ ಮಾಡಿದಲ್ಲಿ, ಹೆಸರು ಬದಲಾಗಿರದಿದ್ದರೆ, ಪರಿಹಾರದ ನೋಟೀಸು ಬರುವುದು ಮಾರಿದವನ ಮನೆಗೆ.